ಗಾದ್ರಮ್ಮ ‘ಹಂಚಿಡ್ರಿ’ ಅಂದ ದಿನ

ಬಿಳಿಚೋಡಿನ ಗಾದ್ರಮ್ಮನಿಗೆ ಬಾಯಿ ಜಾಸ್ತಿ ಎಂದು ಊರೆಲ್ಲ ಹೇಳುತ್ತಿತ್ತು. ಗಾದ್ರಮ್ಮ ಅದನ್ನು ಬೈಗುಳ ಎಂದುಕೊಂಡವಳೇ ಅಲ್ಲ. ದೇವರು ಬಾಯಿ ಕೊಟ್ಟಿರುವುದು ಆಡುವುದಕ್ಕೆ ಮತ್ತು ಉಣ್ಣುವುದಕ್ಕೆ, ಎರಡರಲ್ಲೂ ತಾನೇನು ಕಡಿಮೆಯಿಲ್ಲ ಎಂದು ಅವಳೇ ಒಪ್ಪಿಕೊಳ್ಳುತ್ತಿದ್ದಳು. ಗಂಡ ಬೋರಣ್ಣ ಇದಕ್ಕೆ ಪೂರಾ ತದ್ವಿರುದ್ಧ. ಊರಾಚೆಯ ಜಾಲಿ ಕಡಿದು, ಮಣ್ಣು ಮುಚ್ಚಿ ಸುಟ್ಟು ಇದ್ದಿಲು ಮಾಡಿ, ಜಗಳೂರಿನ ಕುಲುಮೆಗಳಿಗೂ ಇಸ್ತ್ರಿ ಅಂಗಡಿಗಳಿಗೂ ಹಾಕಿ ಬರುತ್ತಿದ್ದ ಅವನಿಗೆ ದಿನಕ್ಕೆ ನಾಲ್ಕು ಮಾತು ಆಡಿದರೆ ಸಾಕಾಗಿ ಹೋಗುತ್ತಿತ್ತು.

ಬೋರಣ್ಣನಲ್ಲಿ ಒಂದು ಗುಣವಿತ್ತು. ಅದನ್ನು ಒಳ್ಳೆಯದು ಎನ್ನಬೇಕೋ ಕೆಟ್ಟದ್ದು ಎನ್ನಬೇಕೋ ಹೆಂಡತಿಗೆ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಹೇಳಿದ್ದನ್ನು ಅವನು ಹೇಳಿದ ಹಾಗೇ ಮಾಡುತ್ತಿದ್ದ. ‘ಬಾಗಿಲು ನೋಡಿಕೊಂಡಿರಿ’ ಎಂದು ಹೇಳಿ ಅವಳು ನೀರಿಗೆ ಹೋದರೆ, ಬಾಗಿಲಿಗೆ ಎದುರಾಗಿ ಕುಳಿತು ಬಾಗಿಲನ್ನೇ ನೋಡುತ್ತಿದ್ದ. ಹಿತ್ತಿಲಿನಲ್ಲಿ ಮೇಕೆ ನುಗ್ಗಿ ಸೊಪ್ಪಿನ ಮಡಿ ಮೇಯ್ದು ಹೋದರೂ ಏಳುತ್ತಿರಲಿಲ್ಲ. ಮೇಕೆಯ ಮಾತು ಯಾರೂ ಎತ್ತಿರಲಿಲ್ಲವಲ್ಲ.

ಗಾದ್ರಮ್ಮ ಹೆಸರು ಮಾಡಿದ್ದು ಹೊಗೆಬಾಡಿಗೆ. ಕುರಿಯ ತೊಡೆಯ ಬಾಡನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರ ಸವರಿ ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಇದ್ದಿಲ ಕಾವಿನಲ್ಲಿ ನಿಧಾನವಾಗಿ ಹೊಗೆಯಾಡಿಸಿದ ಬಾಡು. ಅದನ್ನು ತಿಂದವರು ಕೈ ತೊಳೆಯಲು ಹಿಂದೆಮುಂದೆ ನೋಡುತ್ತಿದ್ದರು. ಆ ಪರಿಮಳ ಸಂಜೆಯ ತನಕ ಬೆರಳಿನಲ್ಲಿ ಇದ್ದರೆ ಇರಲಿ ಎಂಬ ಆಸೆ.

ಮೊದಮೊದಲು ಅದು ಹಾಗಿರಲಿಲ್ಲ. ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇರಬೇಕು, ಬೋರಣ್ಣ ಜಗಳೂರಿನ ಎಣ್ಣೆ ಮಿಲ್ಲಿನಿಂದ ತಳ ಸೋರುವ ಒಂದು ಕಬ್ಬಿಣದ ಪೀಪಾಯಿ ತಂದ. ಕುಲುಮೆಯವನ ಕೈಯಲ್ಲಿ ಅದನ್ನು ಉದ್ದಕ್ಕೆ ಸೀಳಿಸಿದ್ದರಿಂದ ಎರಡು ಹೋಳಾದವು. ಒಂದು ಹೋಳು ಕುರಿಗಳಿಗೆ ನೀರು ಕುಡಿಯುವ ಬಾನಿಯಾಯಿತು. ಇನ್ನೊಂದರೊಳಗೆ ಗಾದ್ರಮ್ಮ ಇದ್ದಿಲು ತುಂಬಿ, ಮೇಲೆ ಸರಳು ಜೋಡಿಸಿ, ಬಾಡು ಹರಡಿ, ಒದ್ದೆ ಗೋಣಿ ಹೊದಿಸಿದ ಮಂಕರಿ ಬುಟ್ಟಿ ಬೋರಲು ಹಾಕಿ ದೊಡ್ಡ ನಿರೀಕ್ಷೆಯಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಮಂಕರಿ ಎತ್ತಿ ನೋಡಿದರೆ ಬಾಡು ಹೊರಗೆ ಕರಕಲು, ಒಳಗೆ ಹಸಿ. ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿದಾಗಲೆಲ್ಲ ಭಗ್ ಎಂದು ಉರಿ ಎದ್ದು ಬಾಡನ್ನು ನೆಕ್ಕುತ್ತಿತ್ತು. ಅವಳು ನೀರು ಚಿಮುಕಿಸಿದಳು, ಬೂದಿ ಹಾರಿ ಬಾಡಿಗೆಲ್ಲ ಮೆತ್ತಿತು. ಇದ್ದಿಲಿಗೂ ಪೀಪಾಯಿಗೂ ಅದನ್ನು ತಂದ ಗಂಡನಿಗೂ ಅವಳು ಒಟ್ಟಿಗೇ ಬೈದಳು.

ಆಗ ಮನೆ ಇನ್ನೂ ಒಂದೇ ಇತ್ತು. ಬೋರಣ್ಣನ ಅಣ್ಣ ತಿಪ್ಪೇಶಪ್ಪ, ಅವನ ಹೆಂಡತಿ ಉಚ್ಚಂಗೆಮ್ಮ, ಇವರು, ಎಲ್ಲ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಉಚ್ಚಂಗೆಮ್ಮ ಗಾದ್ರಮ್ಮನಿಗಿಂತ ಐದಾರು ವರ್ಷಕ್ಕೆ ದೊಡ್ಡವಳು, ನೋಡಿ ನೋಡಿ ಆಮೇಲೆ ಬಾಯಿಬಿಡುವ ಹೆಂಗಸು. ಅವತ್ತು ಕಂಬಕ್ಕೆ ಒರಗಿ ವಾರಗಿತ್ತಿಯ ಕುಣಿದಾಟವನ್ನೆಲ್ಲ ನೋಡಿದವಳು, ಒಳಗೆ ಹೋಗಿ ತನ್ನ ರೊಟ್ಟಿ ಹಂಚು ತಂದಳು. ತವರಿನಿಂದ ತಂದ ಮಣ್ಣಿನ ಹಂಚು, ಹೆಬ್ಬೆರಳಿನ ದಪ್ಪ, ಎಷ್ಟೋ ವರ್ಷ ಉರಿ ಕುಡಿದು ಕರ್ರಗೆ ಗಟ್ಟಿಯಾದದ್ದು. ಅದನ್ನು ಕೆಂಡದ ಮೇಲೆ ಎರಡು ಕಲ್ಲು ಕೊಟ್ಟು ಇಟ್ಟು, ಅದರ ಮೇಲೆ ಸರಳು ಜೋಡಿಸಿದಳು.

“ಕೆಂಡಕ್ಕೂ ಬಾಡಿಗೂ ಮುಖಾಮುಖಿ ಬಿಟ್ರೆ ಹೆಂಗೆ. ನಡುವೆ ಒಬ್ರು ಇರ್ಬೇಕು,” ಎಂದಳು.

ಅಷ್ಟೇ. ಕಾವು ಹಂಚಿನ ಕೆಳಗೆ ಬಡಿದು, ಅಲ್ಲೇ ಹರಡಿಕೊಂಡು, ಸುತ್ತಲ ಅಂಚಿನಿಂದ ಮೆಲ್ಲಗೆ ಮೇಲೇರಿತು. ಕೊಬ್ಬು ಕೆಂಡಕ್ಕೆ ಬೀಳದೆ ಹಂಚಿನ ಮೇಲೆ ಬಿದ್ದು ಸುಮ್ಮನೆ ಚುರುಗುಟ್ಟಿತು. ಅಂಚಿಗೆ ಒಂದು ಹಿಡಿ ಒದ್ದೆ ಶೇಂಗಾ ಸಿಪ್ಪೆಯನ್ನೂ ನಾಲ್ಕು ಹುಣಸೆ ಚಕ್ಕೆಯನ್ನೂ ಹಾಕಿದ್ದಕ್ಕೆ ತೆಳ್ಳನೆಯ ನೀಲಿ ಹೊಗೆ ಎದ್ದಿತು. ಮಧ್ಯಾಹ್ನಕ್ಕೆ ಇಟ್ಟ ಬಾಡು ಹೊತ್ತು ಇಳಿಯುವಾಗ ಕೆಂಪಗೆ, ಒಳಗೂ ಹೊರಗೂ ಒಂದೇ ಹದಕ್ಕೆ ಬಂದಿತ್ತು. ಮೊದಲ ಚೂರನ್ನು ಗಾದ್ರಮ್ಮ ಅಕ್ಕನ ಬಾಯಿಗೇ ಇಟ್ಟಳು. ಅಲ್ಲಿಂದಾಚೆ ಆ ಮನೆಯಲ್ಲಿ ಬೆಳಿಗ್ಗೆ ರೊಟ್ಟಿಗೂ, ಕುರಿ ಕೊಯ್ದ ದಿನ ಹೊಗೆಬಾಡಿಗೂ ಅದೊಂದೇ ಹಂಚು ದುಡಿಯಿತು.

ಬಾಡು ಹದವಾಗಿದ್ದು ಹಂಚಿನಿಂದ, ಹೆಸರು ಬಂದದ್ದು ಮಾತ್ರ ಬಾಯಿ ಇದ್ದವಳಿಗೆ. ಬಂದವರಿಗೆ ಬಡಿಸುವವಳು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ವರ್ಣಿಸುವವಳು ಗಾದ್ರಮ್ಮನೇ ಆದ್ದರಿಂದ ಅದು ‘ಗಾದ್ರಮ್ಮನ ಹೊಗೆಬಾಡು’ ಆಯಿತು. ಉಚ್ಚಂಗೆಮ್ಮ ಅದಕ್ಕೆ ಏನೂ ಅನ್ನಲಿಲ್ಲ. ಏನೂ ಅನ್ನದವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ ಎಂದುಕೊಳ್ಳುವುದು ಮಾತುಗಾರರ ದಡ್ಡತನ, ಗಾದ್ರಮ್ಮನಿಗೂ ಅದು ಧಾರಾಳವಾಗಿತ್ತು.

ಒಂದು ಸಲ ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಯಿಂದ ದೂರದ ನೆಂಟ ಓಬಳಪ್ಪ ಬಂದಿದ್ದ. ಊಟದ ರುಚಿ ಗೊತ್ತಿದ್ದ ಮನುಷ್ಯ. ಹೊಗೆಬಾಡನ್ನು ಕಣ್ಣು ಮುಚ್ಚಿಕೊಂಡು ಅಗಿದು, “ಯಾರು ಕಲಿಸಿದ್ರವ್ವ ನಿನಗಿದನ್ನ?” ಎಂದು ಕೇಳಿದ.

“ಕಲಿಸಾಕೆ ಯಾರದಾರೆ ಮಾವ? ನನ್ನ ತಲೇನೇ ಕಲಿಸ್ತು,” ಎಂದಳು ಗಾದ್ರಮ್ಮ.

ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಹೊಗಳಿಕೆ ಎದುರಿಗೆ ಬಂದು ನಿಂತಾಗ ಹಾಗೇ ಜಾರಿ ಬಂದ ಮಾತು. ಆದರೆ ಅದೇ ಹೊತ್ತಿಗೆ ಉಚ್ಚಂಗೆಮ್ಮ ನೀರಿನ ತಂಬಿಗೆ ಹಿಡಿದು ಓಬಳಪ್ಪನ ಹಿಂದೆ ನಿಂತಿದ್ದಳು. ತಂಬಿಗೆಯನ್ನು ಇಳಿಸಿ ಒಳಗೆ ಹೋದಳು. ನೆಂಟ ಹೊರಟ ಮೇಲೆ ಹಿತ್ತಿಲಿಗೆ ಬಂದು, ಇನ್ನೂ ಬಿಸಿ ಆರದ ಹಂಚನ್ನು ಸೆರಗಿನಲ್ಲಿ ಹಿಡಿದೆತ್ತಿ, ಬೂದಿ ಹಾಕಿ ತಿಕ್ಕಿ ತೊಳೆದಳು.

“ನನ್ನ ಹಂಚು ನನಗೆ ರೊಟ್ಟಿಗೆ ಬೇಕು. ನೀನು ನಿನ್ನ ತಲೆ ಇಟ್ಟು ಸುಟ್ಕ,” ಎಂದಳು. ಆಮೇಲೆ ಮಾತು ನಿಂತಿತು.

ಮಾತು ನಿಂತ ಮನೆಯಲ್ಲಿ ಒಲೆ ಎರಡಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಅಣ್ಣತಮ್ಮಂದಿರು ಜಗಳವಾಡಲಿಲ್ಲ, ಪಾಪ, ಅವರಿಬ್ಬರಿಗೂ ಜಗಳವಾಡುವಷ್ಟು ಮಾತು ಬರುತ್ತಿರಲಿಲ್ಲ. ಹೆಂಗಸರು ಹೇಳಿದ ಜಾಗದಲ್ಲಿ ಇಬ್ಬರೂ ಸೇರಿಕೊಂಡೇ ಹಿತ್ತಿಲ ನಡುವೆ ಮಣ್ಣಿನ ಗೋಡೆ ಎತ್ತಿದರು. ಕುರಿಯ ಬಾನಿ ಅಣ್ಣನ ಕಡೆಗೆ ಹೋಯಿತು, ಇದ್ದಿಲ ಪೀಪಾಯಿ ತಮ್ಮನ ಕಡೆ ಉಳಿಯಿತು. ಹಂಚು ಅಕ್ಕನ ಜೊತೆ ಹೋಯಿತು.

ಗಾದ್ರಮ್ಮ ಸೋಲುವವಳೇ? ಹಂಚಿನ ಜಾಗಕ್ಕೆ ಮಂಗಳೂರು ಹೆಂಚು ಇಟ್ಟು ನೋಡಿದಳು, ಕಾದು ಟಪ್ ಎಂದು ಸೀಳಿತು. ತಗಡು ಇಟ್ಟಳು, ಅದು ತಾನೇ ಕೆಂಡವಾಗಿ ಬಾಡನ್ನು ಇನ್ನಷ್ಟು ಬೇಗ ಸುಟ್ಟಿತು. ಹಳ್ಳದಿಂದ ಚಪ್ಪಟೆ ಕಲ್ಲೊಂದನ್ನು ಗಂಡನ ಕೈಯಲ್ಲಿ ಹೊರಿಸಿ ತರಿಸಿದಳು. ಒಳಗೆ ತೇವವಿದ್ದ ಕಲ್ಲು ಕಾವಿಗೆ ಢಂ ಎಂದು ಸಿಡಿದು, ಮಂಕರಿ ಹಾರಿ, ಆಚೆ ಬೀದಿಯ ಪಾಪಣ್ಣ ಬಂದೂಕು ಎಂದುಕೊಂಡು ಮನೆಯೊಳಗೆ ಓಡಿದ. ಕೊನೆಗೆ ಜಗಳೂರು ಸಂತೆಯಲ್ಲಿ ಕುಂಬಾರರಿಂದ ಹೊಸ ಹಂಚು ತಂದಳು. ಅದು ತೆಳ್ಳಗಿತ್ತು, ಕೆಲಸ ತಕ್ಕಮಟ್ಟಿಗೆ ನಡೆಯುತ್ತಿತ್ತು. ಬಾಡು ಕೂಡ ತಕ್ಕಮಟ್ಟಿಗೇ ಆಗುತ್ತಿತ್ತು. ತಿಂದವರು ಚೆನ್ನಾಗಿದೆ ಎನ್ನುತ್ತಿದ್ದರು, ಕೈ ಮಾತ್ರ ಬೇಗ ತೊಳೆದುಬಿಡುತ್ತಿದ್ದರು. ಗಾದ್ರಮ್ಮನಿಗೆ ಅದು ಗೊತ್ತಾಗುತ್ತಿತ್ತು. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿದಾಗಲೆಲ್ಲ ಅವಳಿಗೆ ಹಂಚಿನ ನೆನಪಾಗುತ್ತಿತ್ತು, ಹಂಚಿನ ಜೊತೆಗೆ ಅಕ್ಕನ ನೆನಪೂ ಆಗುತ್ತಿತ್ತು. ಹೋಗಿ ಒಂದು ಮಾತು ಆಡೋಣ ಎಂದರೆ ಊರಿಗೆಲ್ಲ ಸಾಕಾಗುವ ಬಾಯಿ ಅಲ್ಲಿಗೆ ಮಾತ್ರ ಬರುತ್ತಿರಲಿಲ್ಲ.

ವರ್ಷಗಳು ಕಳೆದವು. ಎಂಬತ್ತೈದರ ಸುಮಾರಿಗೆ ಮಗಳು ದುರುಗಮ್ಮನ ಮದುವೆ ಗೊತ್ತಾಯಿತು, ಅದೂ ಯಾರ ಮಗನೊಂದಿಗೆ, ಅದೇ ಸಾಸ್ವೆಹಳ್ಳಿ ಓಬಳಪ್ಪನ ಮಗನೊಂದಿಗೆ. ಮದುವೆ ಅವರೂರಿನಲ್ಲಿ ಚೆನ್ನಾಗಿ ಆಯಿತು. ಬೀಗರೂಟ ಮಾತ್ರ ಬಿಳಿಚೋಡಿನಲ್ಲಿ. ಓಬಳಪ್ಪ ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದ.

“ಬೀಗ್ರೂಟಕ್ಕೆ ಬೇರೇನೂ ಬ್ಯಾಡವ್ವ. ಅವತ್ತು ತಿಂದಿದ್ದೆನಲ್ಲ, ಆ ಹೊಗೆಬಾಡು ಇರ್ಲಿ. ನಮ್ಮೋರಿಗೆಲ್ಲ ಹೇಳಿ ಕರ್ಕಂಡು ಬರ್ತೀನಿ.”

ಮಗಳು ಹೊಸದಾಗಿ ಕಾಲಿಟ್ಟ ಮನೆ. ಮಾವ ಬಾಯಿಬಿಟ್ಟು ಕೇಳಿದ್ದು ಅದೊಂದೇ ಪದಾರ್ಥ. ಅದು ಕೆಟ್ಟರೆ ಆ ಮನೆಯ ಹೆಂಗಸರು ದುರುಗಮ್ಮನನ್ನು ಏನೆಂದು ಆಡಿಕೊಂಡಾರು ಎಂದು ಗಾದ್ರಮ್ಮನಿಗೆ ನಿದ್ದೆ ಬರದಾಯಿತು. ಬೇರೆಯವರ ಹಾಗೆ ಕೋಳಿ ಕೊಯ್ದು ತೂಗಿಸೋಣ ಎಂದರೆ ಇವರ ಮನೆತನದವರು ಕೋಳಿ ಮುಟ್ಟುವವರಲ್ಲ. ಮಂದೆಯಲ್ಲಿ ಇದ್ದುದರಲ್ಲಿ ಒಳ್ಳೆಯ ಕುರಿಗಳನ್ನು ಹಿಡಿದು ಊಟಕ್ಕೆ ಎರಡು ದಿನ ಇರುವಾಗಲೇ ಕೊಯ್ಯಿಸಿದಳು. ಬಾಡು ಸೀಳಿ, ಉಪ್ಪು ಖಾರ ಸವರಿ, ದೊಡ್ಡ ಕೊಪ್ಪರಿಗೆಯಲ್ಲಿ ತುಂಬಿಟ್ಟಳು.

ಊಟದ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಬೀಗಿತ್ತಿಯರಿಗೆ ತೊಡಿಸಬೇಕಾದ ಬಳೆಯೇ ಬಂದಿಲ್ಲ. ಬಳೆಗಾರ ಕೈಕೊಟ್ಟಿದ್ದ. ಬಳೆ ಇಲ್ಲದೆ ಬೀಗಿತ್ತಿಯನ್ನು ಕಳಿಸುವುದುಂಟೇ? ತವರಿಗೆ ಬಂದಿದ್ದ ಮಗಳನ್ನು ಕರೆದುಕೊಂಡು ಗಾದ್ರಮ್ಮ ಜಗಳೂರಿಗೆ ಓಡಬೇಕಾಯಿತು. ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಕಂಡಕ್ಟರ್ ಹತ್ತ್ರವ್ವ ಎನ್ನುತ್ತಿದ್ದ. ಇದ್ದಿಲು ಹೊತ್ತಿಸುವುದರಲ್ಲಿ ಬೋರಣ್ಣನನ್ನು ಮೀರಿಸುವವರಿರಲಿಲ್ಲ, ಆ ಚಿಂತೆ ಅವಳಿಗಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಳಿಸಲು ಬಂದಿದ್ದ ಗಂಡನಿಗೆ ಕೂಗಿದಳು.

“ಕೆಂಡಕ್ಕೆ ಬೂದಿ ಮುಸುಕ್ತಿದ್ದಂಗೆ ಹಂಚಿಡ್ರಿ. ಬಾಡು ಜ್ವಾಕೆ. ಹಂಚಿಡಾದು ಮರೀಬ್ಯಾಡ್ರಿ.”

ಬಸ್ಸಿನ ಗದ್ದಲದಲ್ಲಿ ಬೋರಣ್ಣನ ಕಿವಿಗೆ ಬಿದ್ದದ್ದು ಕೆಂಡಕ್ಕೆ ಬೂದಿ ಮುಸುಕುವ ಮಾತು, ಬಾಡು ಎಂಬ ಮಾತು ಮತ್ತು ಹಂಚಿಡ್ರಿ ಎಂಬ ಮಾತು. ಅವಳು ಹೇಳಿದ್ದು ಹಂಚು ಇಡಿ ಎಂದು. ಅವನು ಕೇಳಿಸಿಕೊಂಡದ್ದು ಹಂಚಿ ಇಡಿ ಎಂದು. ಎರಡನ್ನೂ ನಾಲಿಗೆಯ ಮೇಲೆ ಓಡಿಸಿ ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಸಿಗುವುದಿಲ್ಲ. ಅದೂ ಅಲ್ಲದೆ, ಮದುವೆ ಮನೆಯಲ್ಲಿ ಕುರಿ ಕೊಯ್ದರೆ ಅಣ್ಣತಮ್ಮಂದಿರ ಮನೆಗಳಿಗೆ ಮೊದಲು ಗುಡ್ಡೆ ಹಾಕಿ ಕೊಡುವುದು ಕೇರಿಯ ಪದ್ಧತಿ. ಈ ಸಲ ಹೆಂಡತಿ ಯಾರಿಗೂ ಕೊಡುವ ಮಾತೇ ಎತ್ತಿಲ್ಲವಲ್ಲ ಎಂದು ಬೋರಣ್ಣ ಹಿಂದಿನ ದಿನದಿಂದ ಒಳಗೊಳಗೇ ಕೊರಗುತ್ತಿದ್ದ. ಸದ್ಯ, ಬಸ್ಸು ಹತ್ತಿದ ಮೇಲಾದರೂ ಬುದ್ಧಿ ಬಂತಲ್ಲ ಎಂದು ಅವನಿಗೆ ಖುಷಿಯಾಯಿತು.

ಮನೆಗೆ ಬಂದು ಮೊದಲು ಇದ್ದಿಲು ಹೊತ್ತಿಸಿದ. ಕೆಂಡಕ್ಕೆ ಬೂದಿ ಮುಸುಕುವ ತನಕ ಕಾದ, ಯಾಕೆಂದರೆ ಅವಳು ಹಾಗೆ ಹೇಳಿದ್ದಳು. ಹಂಚುವುದಕ್ಕೂ ಕೆಂಡಕ್ಕೂ ಏನು ಸಂಬಂಧ ಎಂದು ಕೇಳಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಆಮೇಲೆ ಮುತ್ತುಗದ ಎಲೆ ಹಾಸಿ, ಕೊಪ್ಪರಿಗೆಯ ಬಾಡನ್ನೆಲ್ಲ ಗುಡ್ಡೆ ಗುಡ್ಡೆ ಮಾಡಿ, ಕೇರಿಯ ಮನೆಮನೆಗೆ ಹೋಗಿ ಕೊಟ್ಟು ಬಂದ. ದೊಡ್ಡ ಗುಡ್ಡೆ ಅಣ್ಣನ ಮನೆಗೆ. ಒಂದು ಸಣ್ಣ ಗುಡ್ಡೆಯನ್ನು ನ್ಯಾಯವಾಗಿ ತನ್ನ ಮನೆಗೂ ಇಟ್ಟುಕೊಂಡ.

ಮಧ್ಯಾಹ್ನ ದಾಟಿದ ಮೇಲೆ ಗಾದ್ರಮ್ಮ ಬಳೆಯ ಗಂಟು ಹಿಡಿದು ಬಂದಳು. ಹಿತ್ತಿಲಿನಲ್ಲಿ ಕೆಂಡ ಹದವಾಗಿ ಹೊಳೆಯುತ್ತಿತ್ತು, ಮೇಲೆ ಏನೂ ಇರಲಿಲ್ಲ. ಸಂತೆಯ ಹಂಚು ಗೋಡೆಗೆ ಒರಗಿತ್ತು. ಕೊಪ್ಪರಿಗೆ ತೊಳೆದು ಬೋರಲು ಹಾಕಿತ್ತು.

“ಬಾಡೆಲ್ಲಿ?” ಎಂದಳು.

“ಹಂಚಿಟ್ಟೆ,” ಎಂದ ಬೋರಣ್ಣ.

“ಹಂಚು ಅಲ್ಲೇ ಐತೆ. ಬಾಡೆಲ್ಲಿ ಅಂದೆ.”

“ಅದೇ, ಹಂಚಿಟ್ಟೆ. ಯಾರ ಮನೇನೂ ಬಿಟ್ಟಿಲ್ಲ. ನಮ್ಮ ಗುಡ್ಡೆ ನೆಲುವಿನ ಮ್ಯಾಲೆ ಐತೆ.”

ಗಾದ್ರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೋರಣ್ಣ ಬೈಗುಳಕ್ಕೆ ತಯಾರಾಗಿ ನಿಂತಿದ್ದ, ಅದು ಬರದೆ ಹೋದದ್ದಕ್ಕೆ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಕಟ್ಟೆಯ ಮೇಲೆ ಕುಳಿತಳು. ನಾಳೆ ಹೊತ್ತೇರುವಷ್ಟರಲ್ಲಿ ಬೀಗರು ಬರುತ್ತಾರೆ. ಮಂದೆ ಮೇಯಲು ದೂರ ಹೋಗಿದೆ. ಈಗ ಬೇರೆ ಕುರಿ ಕೊಯ್ಯಿಸಿದರೂ ಉಪ್ಪು ಹಿಡಿಯಲು ಒಂದು ರಾತ್ರಿ ಬೇಕು, ಹೊಗೆ ಹಿಡಿಯಲು ಅರ್ಧ ದಿನ ಬೇಕು. ಕೊಟ್ಟ ಗುಡ್ಡೆಯನ್ನು ವಾಪಸು ಕೇಳುವುದು ಎಂದರೆ ಆ ಕೇರಿಯಲ್ಲಿ ಆಮೇಲೆ ತಲೆ ಎತ್ತಿಕೊಂಡು ಓಡಾಡುವಂತಿಲ್ಲ. ಮಗಳು ಬಂದು ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು. ಗಾದ್ರಮ್ಮನಿಗೆ ಅಳು ಬಂತು.

“ನಿಮ್ಮಣ್ಣನ ಮನೇಗೂ ಕೊಟ್ರಾ?” ಎಂದು ಕೇಳಿದಳು.

“ದೊಡ್ಡದು ಅವರಿಗೇ ಕೊಟ್ಟೆ. ಅತ್ತಿಗೆ ಎಲೆ ಬಿಚ್ಚಿ ನೋಡಿ, ಬಾಳ ಹೊತ್ತು ನಿಂತ್ಕಂಡಿದ್ರು.”

ಅಷ್ಟರಲ್ಲಿ ಗಾಳಿ ತಿರುಗಿತು. ಒದ್ದೆ ಶೇಂಗಾ ಸಿಪ್ಪೆಯ ಹೊಗೆಯ ವಾಸನೆ, ಅದರ ಜೊತೆ ಹುಣಸೆ ಚಕ್ಕೆಯದ್ದು, ಅದರ ಜೊತೆ ಹದವಾಗಿ ಬೇಯುವ ಬಾಡಿನದ್ದು. ತನ್ನ ಪೀಪಾಯಿಯ ಮೇಲೆ ಏನೂ ಇಲ್ಲ. ಗಾದ್ರಮ್ಮ ಎದ್ದು ಗೋಡೆಯ ಕಡೆ ನೋಡಿದಳು. ಗೋಡೆಯಾಚೆಯಿಂದ ನೀಲಿ ಹೊಗೆ ಏಳುತ್ತಿತ್ತು.

ಗೋಡೆಗೆ ಬಾಗಿಲಿರಲಿಲ್ಲ. ಬೀದಿಗೆ ಇಳಿದು, ಸುತ್ತು ಹಾಕಿ, ಎಷ್ಟೋ ವರ್ಷದಿಂದ ದಾಟದ ಹೊಸ್ತಿಲು ದಾಟಿ ಹಿತ್ತಿಲಿಗೆ ಹೋದಳು. ಕುರಿಯ ಬಾನಿಯ ನೀರು ಚೆಲ್ಲಿ, ಒರೆಸಿ, ಅದರಲ್ಲಿ ಇದ್ದಿಲು ಹೊತ್ತಿಸಿ, ನಡುವೆ ಆ ಕರಿಯ ದಪ್ಪ ಹಂಚು ಇಟ್ಟು ಉಚ್ಚಂಗೆಮ್ಮ ಕುಳಿತಿದ್ದಳು. ಸರಳಿನ ಮೇಲೆ ಬಾಡು ಸಾಲಾಗಿ ಮಲಗಿತ್ತು. ಪಕ್ಕದ ಬುಟ್ಟಿಯಲ್ಲಿ ಮೇಲಿಡಬೇಕಾದ ಬಾಡು ಇನ್ನೂ ಬಹಳವಿತ್ತು, ಒಂದು ಮನೆಯ ಗುಡ್ಡೆಗಿಂತ ಎಷ್ಟೋ ಜಾಸ್ತಿ.

“ಬಂದ್ಯಾ? ಬಾ, ಕುಂತ್ಕ,” ಎಂದಳು ಉಚ್ಚಂಗೆಮ್ಮ, ತಲೆ ಎತ್ತದೆ. “ಬೋರಣ್ಣ ಎಲೆ ತಂದು ಕೊಟ್ಟಾಗ ಸಾರಿಗೆ ಅಂದ್ಕಂಡೆ. ಬಿಚ್ಚಿದ್ರೆ ಉದ್ದುದ್ದ ಸೀಳಿ ಉಪ್ಪು ಸವರೈತೆ. ಸಾರಿಗೆ ಯಾರು ಹಿಂಗೆ ಕೊಯ್ತಾರೆ? ಆಗ ತಿಳೀತು. ನಿನ್ನ ಹತ್ರ ಒಳ್ಳೆ ಹಂಚಿಲ್ಲ. ಬಾಯಿಬಿಟ್ಟು ಕೇಳಾಕೆ ನಿನಗೆ ಆಗ್ದು. ಅದಕ್ಕೇ ಬಾಡನ್ನೇ ನನ್ನ ಹತ್ರ ಕಳಿಸೀಯ ಅಂತ.”

ಗಾದ್ರಮ್ಮ ಬುಟ್ಟಿಯ ಕಡೆ ನೋಡಿದಳು.

“ನನಗೆ ಕೊಡು ಅಂತ ನೀನಂದಿದ್ದನ್ನ ಅವನು ಕೇರಿಗೆಲ್ಲ ಕೊಟ್ಟು ಬಂದಾನೆ. ಅವನ ಕಥೆ ಗೊತ್ತಲ್ಲ. ನಾನೇ ಮನೆಮನೆಗೆ ಹೋಗಿ, ಇದು ನಾಳೆ ಬೀಗ್ರಿಗೆ ಕಣವ್ವ, ತಪ್ಪಿ ಬಂದೈತೆ ಕೊಡ್ರಿ ಅಂತ ಈಸ್ಕಂಡು ಬಂದೆ. ಪಾಪಣ್ಣನ ಹೆಂಡ್ತಿ ಆಗ್ಲೇ ಮಡಿಕೆಗೆ ಹಾಕಿದ್ಲು, ಅದೊಂದು ಹೋತು.” ಸ್ವಲ್ಪ ಹೊತ್ತು ಕೆಂಡ ಕೆದಕಿದಳು. ಆಮೇಲೆ ಹೇಳಿದಳು, “ನನ್ನ ಹತ್ರಾನೇ ಕಳಿಸ್ಬೇಕು ಅಂತ ನಿನಗೆ ಅನ್ನಿಸ್ತಲ್ಲ ಗಾದ್ರಿ. ನನಗೆ ಅಷ್ಟು ಸಾಕು.”

ನಾನೇನೂ ಕಳಿಸಿಲ್ಲ ಅಕ್ಕ, ಅವರ ಕಿವಿ ಮಾಡಿದ ಕೆಲಸ ಇದು ಎಂಬ ಮಾತು ಗಾದ್ರಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು. ಜೀವಮಾನದಲ್ಲಿ ಅವಳು ನುಂಗಿದ ಮೊದಲ ಮಾತು ಅದೇ ಇರಬೇಕು.

“ಹಂಚು ನಿನ್ನ ಹತ್ರ ಐತಲ್ಲಕ್ಕ. ಇನ್ನೆಲ್ಲಿಗೆ ಕಳಿಸ್ಲಿ?” ಎಂದಳು. ಹೇಳಿದ ಮೇಲೆ ಅದು ಸುಳ್ಳು ಎಂದು ಅವಳಿಗೇ ಅನ್ನಿಸಲಿಲ್ಲ. ಇಷ್ಟು ವರ್ಷ ಕಳಿಸಬೇಕೆಂದಿದ್ದದ್ದು ಅಲ್ಲಿಗೇ ಅಲ್ಲವೇ? ಅಕ್ಕನ ಪಕ್ಕದಲ್ಲಿ ಕುಳಿತು ಬೀಸಣಿಗೆ ತೆಗೆದುಕೊಂಡಳು. ಹೊತ್ತು ಮುಳುಗುವ ತನಕ ಇಬ್ಬರೂ ಬಾಡು ತಿರುವಿದರು, ಮಳೆಯಿಂದ ಹಿಡಿದು ಮಗಳ ಅತ್ತೆಯ ಮೂಗುತಿಯ ತನಕ ಮಾತಾಡಿದರು.

ಬೀಗರು ಬಂದರು, ಉಂಡರು. ಪಂಕ್ತಿಯಲ್ಲಿ ಯಾರಿಗೂ ಮಾತಿಲ್ಲ, ಬರೀ ಅಗಿಯುವ ಸದ್ದು. ಬಡಿಸಿದ್ದು ಸಾಕಾಗುತ್ತದೋ ಇಲ್ಲವೋ ಎನ್ನುವಷ್ಟಾಯಿತು. ಯಾರೋ ಬೋರಣ್ಣನನ್ನು, ನಿನ್ನೆ ಗುಡ್ಡೆ ಕೊಟ್ಟು ಮತ್ತೆ ಈಸಿಕೊಂಡಿರಂತಲ್ಲ, ಏನದು ಎಂದು ಕೇಳಿದರು. ಅವನು ಪ್ರಾಮಾಣಿಕವಾಗಿ, “ಅವಳು ಹಂಚಿಡು ಅಂದ್ಲು, ನಾನು...” ಎಂದು ಶುರು ಮಾಡುವಷ್ಟರಲ್ಲಿ ಗಾದ್ರಮ್ಮ ಅವನ ಬಾಯಿಗೆ ದೊಡ್ಡ ತುಂಡೊಂದನ್ನು ತುರುಕಿದಳು. ಅದನ್ನು ಅಗಿದು ಮುಗಿಸುವ ಹೊತ್ತಿಗೆ ಅವನಿಗೆ ಪ್ರಶ್ನೆ ಮರೆತುಹೋಗಿತ್ತು.

ಓಬಳಪ್ಪ ಬೆರಳು ನೆಕ್ಕಿ, ತನ್ನ ಕಡೆಯವರಿಗೆಲ್ಲ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದ. “ಹೇಳಿರ್ಲಿಲ್ವಾ ನಾನು? ಅವತ್ತೇ ಕೇಳಿದ್ದೆ, ಯಾರು ಕಲಿಸಿದ್ರವ್ವ ಅಂತ. ನನ್ನ ತಲೇನೇ ಕಲಿಸ್ತು ಅಂದಿದ್ಲು ನಮ್ಮ ಬೀಗಿತ್ತಿ.”

ಉಚ್ಚಂಗೆಮ್ಮ ಅವತ್ತಿನ ಹಾಗೇ ನೀರಿನ ತಂಬಿಗೆ ಹಿಡಿದು ಅವನ ಹಿಂದೆ ಬಂದಿದ್ದಳು. ತಂಬಿಗೆ ಅಲ್ಲೇ ನಿಂತಿತು. ಹೊಸ ಬೀಗರು, ಅವರ ಊರಿನವರು, ಮಗಳ ಅತ್ತೆ, ಎಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

“ಸುಳ್ಳು ಹೇಳಿದ್ದೆ ಮಾವ,” ಎಂದಳು. “ನನ್ನ ತಲೆ ಬಾಡನ್ನ ಕರಕಲು ಮಾಡಿತ್ತು. ಹಂಚು ಇಟ್ಟು ಕಲಿಸಿದ್ದು ನಮ್ಮಕ್ಕ. ಇವತ್ತು ನೀವು ತಿಂದಿದ್ದೂ ಅಕ್ಕ ಸುಟ್ಟಿದ್ದೇ. ನಾನು ಬರೀ ಬೀಸಣಿಗೆ ಬೀಸ್ದೆ.”

ಆಮೇಲೆ ಉಚ್ಚಂಗೆಮ್ಮ ಬಗ್ಗಿ ಓಬಳಪ್ಪನ ಲೋಟಕ್ಕೆ ನೀರು ಬಿಟ್ಟಳು.

“ಉಪ್ಪು ಖಾರ ಅವಳ್ದು. ಅದು ನನಗೆ ಇವತ್ತಿಗೂ ಬರಾಕಿಲ್ಲ,” ಎಂದಳು. ಅವಳ ಕಣ್ಣು ತುಂಬಿತ್ತು. ಹೊಗೆ ಎಂದು ಸೆರಗಿನಿಂದ ಒರೆಸಿಕೊಂಡಳು, ಅಲ್ಲಿ ಹೊಗೆಯೇನೂ ಇರಲಿಲ್ಲ.

ಬೀಗರು ಹೋದ ಮೇಲೆ ಅವಳು ಹಂಚನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ಗಾದ್ರಮ್ಮ ನೋಡುತ್ತಲೇ ಇದ್ದಳು. ಹಿಂದೊಂದು ಸಲ ಹೀಗೇ ತೊಳೆದಿದ್ದನ್ನು ಅವಳು ಮರೆತಿರಲಿಲ್ಲ. ಈ ಸಲ ಉಚ್ಚಂಗೆಮ್ಮ ಅದನ್ನು ಹೊತ್ತುಕೊಂಡು ಬೀದಿ ಸುತ್ತಿ ಬಂದು ಗಾದ್ರಮ್ಮನ ಒಲೆಯ ಪಕ್ಕಕ್ಕೆ ಒರಗಿಸಿದಳು.

“ಮತ್ತೆ ನಿನಗೆ ರೊಟ್ಟಿಗೆ?” ಎಂದಳು ಗಾದ್ರಮ್ಮ.

“ನಾಳೆಯಿಂದ ಹಿಟ್ಟು ತಗಂಡು ಇಲ್ಲಿಗೇ ಬರ್ತೀನಿ. ಎರಡು ಮನೇದೂ ಒಟ್ಟಿಗೆ ಬಡಿಯಾಣ.”

ಮಾರನೆಯ ದಿನ ಮಗಳನ್ನು ಬಸ್ಸು ಹತ್ತಿಸಲು ಹೊರಟ ಗಾದ್ರಮ್ಮನಿಗೆ, ಅಕ್ಕ ಹಿಟ್ಟು ಹೊತ್ತುಕೊಂಡು ಬೀದಿ ಸುತ್ತಿ ಬರಬೇಕಲ್ಲ ಎಂಬುದು ನೆನಪಾಯಿತು. ಬಾಗಿಲಿನಿಂದಲೇ ಗಂಡನಿಗೆ ಹೇಳಿದಳು. “ಆ ಗೋಡೆ ತೆಗೀರಿ. ಅಕ್ಕ ಬರಾಕೆ ದಾರಿ ಆಗ್ಲಿ.”

ಒಬ್ಬರು ನುಸುಳುವಷ್ಟು ಸಂದು ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಬೋರಣ್ಣ ಹಾರೆ ತೆಗೆದುಕೊಂಡ. ತಿಪ್ಪೇಶಪ್ಪ ಆಚೆಯಿಂದ ನೋಡಿ, ಏನೂ ಕೇಳದೆ ತನ್ನ ಹಾರೆಯನ್ನೂ ತಂದ. ಗಾದ್ರಮ್ಮ ವಾಪಸು ಬಂದಾಗ ಹಿತ್ತಿಲಿನಲ್ಲಿ ಈ ಕೊನೆಯಿಂದ ಆ ಕೊನೆಯ ತನಕ ಗೋಡೆಯೇ ಇರಲಿಲ್ಲ. ಅಣ್ಣತಮ್ಮಂದಿರು ಮೈಯೆಲ್ಲ ಮಣ್ಣಾಗಿ ಬೀಡಿ ಸೇದುತ್ತಾ ಕುಳಿತಿದ್ದರು, ಉಚ್ಚಂಗೆಮ್ಮ ರೊಟ್ಟಿ ಬಡಿಯಲು ಕುಳಿತಾಗಿತ್ತು.

ಗಾದ್ರಮ್ಮ ಗಂಡನನ್ನು ಬೈಯಲು ಬಾಯಿ ತೆರೆದಳು. ಹಂಚಿನಿಂದ ಎದ್ದ ಬಿಸಿ ರೊಟ್ಟಿಯ ವಾಸನೆ ಬಂತು, ಹಾಗೇ ಬಾಯಿ ಮುಚ್ಚಿಕೊಂಡು ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತಳು.